ವಿದ್ಯೆಗಾಗಿ ಮಾಡಿದ ಸಾಲ: ಇತಿಹಾಸ ನಮಗೆ ಕಲಿಸುವ ಹೊಣೆಗಾರಿಕೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿ ಬೆಳೆದ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ ನಮ್ಮ ಸಮುದಾಯದ ಎಷ್ಟೋ ಮನೆಗಳು ಇಂದು ತಮ್ಮ ಮೊದಲ ಪದವೀಧರನನ್ನೋ ಪದವೀಧರೆಯನ್ನೋ ಕಾಣುತ್ತಿವೆ. ತಂದೆ ಮಗ್ಗದ ಮುಂದೆ ನಿಂತವನು, ತಾತ ಪರರ ಹೊಲದಲ್ಲಿ ದುಡಿದವನು, ಮಗಳು ಮಾತ್ರ ಇಂಜಿನಿಯರು ಅಥವಾ ನರ್ಸಿಂಗ್ ಪದವೀಧರೆ. ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ, ಹಿರಿಯರು ಕೈಯೆತ್ತಿ ದುಆ ಮಾಡುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಮನೆಗೆ ಬ್ಯಾಂಕಿನ ಕಾಗದವೊಂದು ಬರುತ್ತದೆ. ಓದಿಗಾಗಿ ಪಡೆದ ಸಾಲದ ಕಂತು ಇಂಥ ತಿಂಗಳಿಂದ ಆರಂಭವಾಗುತ್ತದೆಂದು ಅದರಲ್ಲಿ ಬರೆದಿರುತ್ತದೆ. ಕೆಲಸ ಇನ್ನೂ ಸಿಕ್ಕಿರುವುದಿಲ್ಲ. ಸಿಕ್ಕಿದ್ದರೂ ಬೆಂಗಳೂರಿನ ಬಾಡಿಗೆ, ಊಟ ಕಳೆದು ಉಳಿಯುವುದು ಅತ್ಯಲ್ಪ. ಆ ಕಾಗದವನ್ನು ಕಪಾಟಿನ ಬಟ್ಟೆಗಳ ಕೆಳಗೆ ಬಚ್ಚಿಟ್ಟು ಮೌನವಾಗುವ ಮನೆಗಳನ್ನು ನಾವು ಕಂಡಿದ್ದೇವೆ.

ಈ ಮೌನವೇ ನಮ್ಮನ್ನು ಈ ಬರಹಕ್ಕೆ ಪ್ರೇರೇಪಿಸಿದೆ. ಸಾಲವನ್ನು ಹೇಗೆ ಹೊರಬೇಕು, ಹೇಗೆ ತೀರಿಸಬೇಕು, ಸಾಲಗಾರನ ಸುತ್ತಲಿರುವವರ ಕರ್ತವ್ಯವೇನು ಎಂಬ ಪ್ರಶ್ನೆಗಳು ಹೊಸವಲ್ಲ. ಮದೀನಾದ ಮೊದಲ ತಲೆಮಾರಿನಿಂದ ಹಿಡಿದು ನಮ್ಮದೇ ದಖ್ಖನ್ನಿನವರೆಗೆ ಅವುಗಳಿಗೆ ದೀರ್ಘ ಇತಿಹಾಸವಿದೆ. ಆ ಇತಿಹಾಸದಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದ್ದುಕಾಣುತ್ತದೆ. ಸಾಲ ತೀರಿಸುವ ಹೊಣೆ ಸಾಲಗಾರನದೇ ಆಗಿತ್ತು, ಆದರೆ ಅದನ್ನು ಅವನು ಒಬ್ಬಂಟಿಯಾಗಿ, ಗುಟ್ಟಾಗಿ ಹೊರುವಂತೆ ಸಮಾಜ ಬಿಡುತ್ತಿರಲಿಲ್ಲ.

ಮದೀನಾದ ಪಾಠ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ, ಹಜ್ಜ್ ಅಲ್ಲ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲ ಪಡೆದವನೇ ಅದನ್ನು ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು ಎಂಬುದು ಅದರ ಆದೇಶ. ಅದಕ್ಕೆ ಸ್ವಲ್ಪ ಮೊದಲು, 280ನೆಯ ಸೂಕ್ತದಲ್ಲಿ, ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದೂ, ಬಿಟ್ಟುಕೊಡುವುದು ಇನ್ನೂ ಉತ್ತಮವೆಂದೂ ಅಲ್ಲಾಹನು ತಿಳಿಸಿದ್ದಾನೆ. ಅದಕ್ಕೂ ಮೊದಲಿನ ಸೂಕ್ತಗಳಲ್ಲಿ ಬಡ್ಡಿಯ ಕಠಿಣ ನಿಷೇಧವಿದೆ. ಬಡ್ಡಿ ಬೇಡ, ಕಷ್ಟದಲ್ಲಿರುವವನಿಗೆ ಅವಕಾಶ ಕೊಡು, ಲೆಕ್ಕವನ್ನು ಬರೆದಿಡು ಎಂಬ ಮೂರು ಆಜ್ಞೆಗಳು ಒಂದರ ಬೆನ್ನಿಗೆ ಒಂದಾಗಿ ಬಂದಿರುವುದು ಮನನ ಯೋಗ್ಯ.

ಪ್ರವಾದಿ ಮುಹಮ್ಮದ್(ಸ)ರ ಮುಂದೆ ಒಮ್ಮೆ ಒಬ್ಬರ ಜನಾಝ ತರಲಾಯಿತು. ಮೃತರು ಮೂರು ದೀನಾರ್ ಸಾಲ ಉಳಿಸಿಹೋಗಿದ್ದರು, ತೀರಿಸಲು ಏನನ್ನೂ ಬಿಟ್ಟಿರಲಿಲ್ಲ. ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ ಸಂಗಾತಿಗಳಿಗೆ ನಿರ್ವಹಿಸಲು ಹೇಳಿದರು. ಆಗ ಅಬೂ ಕತಾದಃ(ರ) ಮುಂದೆ ಬಂದು ಆ ಸಾಲ ತಮ್ಮ ಹೊಣೆಯೆಂದರು. ಬಳಿಕವೇ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು. ಈ ಘಟನೆಯ ಅರ್ಧವನ್ನು ಮಾತ್ರ ನಾವು ಹೆಚ್ಚಾಗಿ ಹೇಳುತ್ತೇವೆ. ಸಾಲ ಗಂಭೀರವಾದುದು ಎಂಬುದು ಅದರ ಮೊದಲ ಅರ್ಧ. ಸಾಲಗಾರನ ಬೆನ್ನಿಗೆ ಸಮಾಜದಿಂದ ಒಬ್ಬನಾದರೂ ಎದ್ದು ನಿಲ್ಲಬೇಕು ಎಂಬುದು ಎರಡನೆಯದು. ಮುಂದೆ ವಿಜಯಗಳಿಂದ ಬೈತುಲ್ ಮಾಲ್ ಬಲಗೊಂಡಾಗ, ತೀರಿಸಲು ಏನೂ ಬಿಡದೆ ಮರಣಹೊಂದಿದ ವಿಶ್ವಾಸಿಯ ಸಾಲ ತಮ್ಮ ಮೇಲಿರಲಿ ಎಂದು ಪ್ರವಾದಿವರ್ಯರೇ(ಸ) ಘೋಷಿಸಿದರು.

ದ್ವಿತೀಯ ಖಲೀಫ ಹಝ್ರತ್ ಉಮರ್(ರ)ರು ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದಾಗ ಮಗ ಅಬ್ದುಲ್ಲಾಹ್(ರ)ರನ್ನು ಕರೆದು ತಮ್ಮ ಸಾಲವೆಷ್ಟೆಂದು ಲೆಕ್ಕಹಾಕಲು ಹೇಳಿದರು. ಲೆಕ್ಕ ಸುಮಾರು 86,000ಕ್ಕೆ ಬಂದಿತು. ಮೊದಲು ತಮ್ಮ ಕುಟುಂಬದ ಸೊತ್ತಿನಿಂದ, ಸಾಲದಿದ್ದರೆ ತಮ್ಮ ಗೋತ್ರವಾದ ಬನೂ ಅದಿಯ್ಯ್‌ನಿಂದ, ಅದೂ ಸಾಲದಿದ್ದರೆ ಕುರೈಶರಿಂದ ಪಡೆದು ತೀರಿಸಬೇಕು, ಅದರಾಚೆಗೆ ಹೋಗಬಾರದು ಎಂದು ಅವರು ಕ್ರಮ ಹಾಕಿಕೊಟ್ಟರು. ವಿಶಾಲ ಸಾಮ್ರಾಜ್ಯದ ಆಡಳಿತಗಾರನ ಕೊನೆಯ ಗಳಿಗೆಗಳಲ್ಲಿ ಸಾಲದ ಲೆಕ್ಕಕ್ಕೆ ಸ್ಥಾನವಿತ್ತು. ತನ್ನ ಸಾಲವೆಷ್ಟೆಂದು ಮಗನಿಗೆ ಹೇಳಲು ಉಮರ್(ರ)ರು ನಾಚಲಿಲ್ಲ.

ಇನ್ನೂ ವಿವರವಾದ ಪಾಠ ಹಝ್ರತ್ ಝುಬೈರ್(ರ)ರ ಕುಟುಂಬದಲ್ಲಿದೆ. ಜನರು ಅವರಲ್ಲಿ ಹಣವನ್ನು ಅಮಾನತ್ತಾಗಿ ಇಡಲು ಬರುತ್ತಿದ್ದರು. ಅಮಾನತ್ತು ಕಳೆದುಹೋದೀತೆಂಬ ಭಯದಿಂದ ಅವರು ಅದನ್ನು ಸಾಲವಾಗಿಯೇ ಸ್ವೀಕರಿಸುತ್ತಿದ್ದರು. ಆಗ ನಷ್ಟವಾದರೂ ಮರಳಿಸುವ ಬದ್ಧತೆ ಅವರ ಮೇಲೆಯೇ ಉಳಿಯುತ್ತಿತ್ತು. ಹಿಜರಿ 36ರಲ್ಲಿ ಅವರು ಹತರಾದಾಗ ಸಾಲದ ಮೊತ್ತ 22 ಲಕ್ಷವಾಗಿತ್ತು. ಅವರು ನಗದು ಬಿಟ್ಟಿರಲಿಲ್ಲ, ಜಮೀನು ಮತ್ತು ಮನೆಗಳನ್ನಷ್ಟೇ ಬಿಟ್ಟಿದ್ದರು. ಮಗ ಅಬ್ದುಲ್ಲಾಹ್ ಇಬ್ನ್ ಝುಬೈರ್(ರ)ರು ತಂದೆಯ ಸಾಲಕ್ಕಾಗಿ ಹೊಸ ಸಾಲ ಮಾಡಲಿಲ್ಲ. ತಂದೆ 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದ ಅಲ್ ಗಾಬದ ಜಮೀನನ್ನು ಭಾಗಗಳಾಗಿ ಮಾಡಿ 16 ಲಕ್ಷಕ್ಕೆ ಮಾರಿದರು. ನಾಲ್ಕು ಲಕ್ಷ ಬರಬೇಕಾಗಿದ್ದ ಅಬ್ದುಲ್ಲಾಹ್ ಇಬ್ನ್ ಜಾಫರ್(ರ)ರು ಸಾಲವನ್ನು ಬಿಟ್ಟುಕೊಡಲು ಸಿದ್ಧರಾದರು. ಮಗ ಒಪ್ಪಲಿಲ್ಲ. ಹಾಗಾದರೆ ಕೊನೆಗೆ ಕೊಡಿ ಎಂದರು. ಅದಕ್ಕೂ ಒಪ್ಪದೆ ಜಮೀನಿನ ಒಂದು ಭಾಗವನ್ನೇ ಕೊಟ್ಟರು. ಬಳಿಕ ನಾಲ್ಕು ವರ್ಷ ಹಜ್ಜ್‌ನ ಸಮಯದಲ್ಲಿ, ಝುಬೈರ್‌ರಿಂದ ಬರಬೇಕಾದುದಿದ್ದವರು ಬಂದು ಪಡೆಯಲಿ ಎಂದು ಸಾರಿದರು. ಆ ಅವಧಿ ಮುಗಿದ ಮೇಲೆಯೇ ವಾರಸುದಾರರಿಗೆ ಪಾಲು ಹಂಚಿದರು.

ಸಾಲ ತೀರಿಸುವ ವಿಧಾನವೆಲ್ಲ ಈ ಘಟನೆಯಲ್ಲಿದೆ: ಒಟ್ಟು ಲೆಕ್ಕ ಮಾಡುವುದು, ಹೊಸ ಸಾಲದಿಂದ ಹಳೆಯದನ್ನು ಮುಚ್ಚದಿರುವುದು, ಇರುವ ಸೊತ್ತನ್ನು ಸಕಾಲದಲ್ಲಿ ಉಪಯೋಗಿಸುವುದು, ಕೊಡಬೇಕಾದವರಿಂದ ಅಡಗದೆ ಅವರನ್ನು ತಾನೇ ಹುಡುಕುವುದು, ಹಂಚಿಕೆಗೂ ಭೋಗಕ್ಕೂ ಮೊದಲು ಸಾಲವನ್ನು ಇಡುವುದು.

ದಖ್ಖನ್ನಿನ ಮದ್ರಸಾಗಳು

ಮದೀನಾದಿಂದ ನಮ್ಮ ನಾಡಿಗೆ ಬರೋಣ. ಹಿಂದೆ ವಿದ್ಯಾರ್ಥಿಗಳು ಓದಿಗಾಗಿ ಸಾಲ ಮಾಡುತ್ತಿದ್ದರೇ? ಇಸ್ಲಾಮೀ ನಾಗರಿಕತೆಯಲ್ಲಿ ಈ ಪ್ರಶ್ನೆಗೆ ಉತ್ತರ ವಕ್ಫ್ ಆಗಿತ್ತು. ಹೊಲ, ಅಂಗಡಿ, ಹಮ್ಮಾಮು, ಸರಾಯಿಗಳನ್ನು ದಾನಿಯು ಅಲ್ಲಾಹನ ಹೆಸರಲ್ಲಿ ಶಾಶ್ವತವಾಗಿ ಮೀಸಲಿಡುತ್ತಿದ್ದನು. ಅದರ ಆದಾಯದಿಂದ ಗುರುಗಳ ಸಂಬಳ, ವಿದ್ಯಾರ್ಥಿಗಳ ಊಟ, ವಸತಿ, ಪುಸ್ತಕ ನಡೆಯುತ್ತಿದ್ದವು. ಹನ್ನೊಂದನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ಸ್ಥಾಪನೆಯಾದ ನಿಝಾಮಿಯ್ಯಾ ಮದ್ರಸಾ ಈ ಮಾದರಿಯ ಪ್ರಸಿದ್ಧ ಉದಾಹರಣೆ.

ನಮ್ಮ ಕರ್ನಾಟಕದಲ್ಲಿಯೇ ಬೀದರಿನಲ್ಲಿ ಬಹಮನಿ ವಝೀರ್ ಮಹಮೂದ್ ಗವಾನ್ 1472ರ ಸುಮಾರಿಗೆ ಕಟ್ಟಿಸಿದ ಮದ್ರಸಾದ ಅವಶೇಷ ಇಂದಿಗೂ ನಿಂತಿದೆ. ಮೂರು ಅಂತಸ್ತುಗಳ ಆ ಕಟ್ಟಡದಲ್ಲಿ ಬೋಧನಾ ಕೊಠಡಿಗಳೂ ಗುರುಶಿಷ್ಯರ ವಸತಿಯೂ ಗ್ರಂಥಾಲಯವೂ ಮಸೀದಿಯೂ ಇದ್ದವು. 1481ರಲ್ಲಿ ಸುಳ್ಳು ಆರೋಪದ ಮೇಲೆ ಗವಾನನಿಗೆ ಮರಣದಂಡನೆಯಾದಾಗ, ಅಷ್ಟು ದೊಡ್ಡ ಅಧಿಕಾರದಲ್ಲಿದ್ದವನ ಖಜಾನೆಯಲ್ಲಿ ಹೇಳಿಕೊಳ್ಳುವಂಥ ಹಣವಿರಲಿಲ್ಲವೆಂದು ಚರಿತ್ರಕಾರರು ದಾಖಲಿಸಿದ್ದಾರೆ. ನಂತರ ಜಮಖಂಡಿ, ಮುಧೋಳ ಸೀಮೆಯೆಲ್ಲ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಸೇರಿತು. ಆ ರಾಜಧಾನಿಯ ಆಸಾರ್ ಮಹಲಿನ ಮದ್ರಸಾಗಳಲ್ಲಿ ವಿದ್ಯಾರ್ಥಿಗಳಿಗೆ ಊಟದ ಜೊತೆಗೆ ವೇತನವನ್ನೂ ಕೊಡುತ್ತಿದ್ದರೆಂದು ಬಿಜಾಪುರದ ಚರಿತ್ರೆಗಳು ಹೇಳುತ್ತವೆ. ಆ ವಿದ್ಯಾರ್ಥಿಯೂ ಋಣಿಯೇ. ಆದರೆ ಅವನ ಋಣವು ಸಮಾಜದ್ದಾಗಿತ್ತು, ಸಾಹುಕಾರನದಲ್ಲ. ಕಲಿತದ್ದನ್ನು ಕಲಿಸಿ ಅವನು ಅದನ್ನು ತೀರಿಸುತ್ತಿದ್ದನು.

ಸಾಹುಕಾರನ ಕಡಪತ್ರ

ಬಿಜಾಪುರ 1686ರಲ್ಲಿ ಪತನವಾಯಿತು. ಅದರೊಂದಿಗೆ ಆ ಮದ್ರಸಾಗಳ ಆಸರೆಯೂ ಕುಸಿಯಿತು. ಪೇಶ್ವೆಗಳ ಕಾಲ ಕಳೆದು ಬ್ರಿಟಿಷರು ಬಂದ ಮೇಲೆ ನಮ್ಮ ಭಾಗ ಅವರ ದಾಖಲೆಗಳಲ್ಲಿ ದಕ್ಷಿಣ ಮರಾಠಾ ಪ್ರದೇಶವೆನಿಸಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಸಂಸ್ಥಾನಿಕರಾಗಿ ಆಳಿದರು. ಸುತ್ತಲಿನ ಬ್ರಿಟಿಷ್ ಪ್ರದೇಶದಲ್ಲಿ 1852ರ ಕಾನೂನಿನ ಬಲದಿಂದ ಇನಾಮು ಆಯೋಗವು ಹಳೆಯ ಇನಾಮು ಭೂಮಿಗಳ ಹಕ್ಕುಪತ್ರಗಳನ್ನು ಕೇಳಿತು. ಪತ್ರ ತೋರಿಸಲಾಗದವರ ಬಹಳಷ್ಟು ಇನಾಮುಗಳು ಸರಕಾರದ ವಶವಾದವು. ತಲೆಮಾರುಗಳಿಂದ ಬಂದ ಹಕ್ಕೂ ಬರೆದ ಕಾಗದವಿಲ್ಲದಿದ್ದರೆ ನಿಲ್ಲುವುದಿಲ್ಲವೆಂಬ ಕಹಿ ಪಾಠ ಅದು.

ಅದೇ ಶತಮಾನದಲ್ಲಿ ರೈತ, ನೇಕಾರರ ಬದುಕಿನಲ್ಲಿ ಸಾಹುಕಾರನ ಕಡಪತ್ರ ಬೇರೂರಿತು. ಓದಲು ಬಾರದವನು ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ಅರಿಯದಾದನು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾಹುಕಾರರ ಮನೆಗಳಿಂದ ಸಾಲಪತ್ರಗಳನ್ನು ತಂದು ಸುಟ್ಟರು. ಇತಿಹಾಸದಲ್ಲಿ ಅದು ದಖ್ಖನ್ ದಂಗೆಯೆಂದು ಹೆಸರಾಗಿದೆ. ಅದರ ಪರಿಣಾಮವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾನೂನು ಬಂದಿತು. ರೈತನ ಸಾಲಪತ್ರವನ್ನು ಹಳ್ಳಿಯ ನೋಂದಣಾಧಿಕಾರಿಯ ಮುಂದೆ ಬರೆಯಬೇಕು, ಸಾಲ ಕೊಟ್ಟವನು ಪಾವತಿಗೆ ರಸೀದಿ ಕೊಡಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎಂದು ಆ ಕಾನೂನು ವಿಧಿಸಿತು. ಅಲ್ ಬಕರ ಅಧ್ಯಾಯದ ಆ ದೀರ್ಘ ಸೂಕ್ತವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನಿದೆ? ನಾವು ಅದನ್ನು ಪಠಿಸುತ್ತ ಬಂದೆವು, ಪಾಲಿಸುವುದನ್ನು ಮಾತ್ರ ಮರೆತೆವು.

ಪರಿಹಾರದ ಇನ್ನೊಂದು ದಾರಿ ನಮ್ಮ ನೆರೆಯಲ್ಲಿಯೇ ತೆರೆಯಿತು. 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರಿ ಸಂಘ ಹುಟ್ಟಿತು. ದೇಶದ ಸಹಕಾರಿ ಚಳವಳಿಯ ಇತಿಹಾಸ ಆ ಊರಿನ ಹೆಸರಿಲ್ಲದೆ ಆರಂಭವಾಗುವುದಿಲ್ಲ. ಒಬ್ಬೊಬ್ಬರಾಗಿ ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದವರು ಒಟ್ಟಾಗಿ ಹಣ ಕೂಡಿಸಿ ತಮ್ಮೊಳಗೆ ಸಾಲ ಕೊಟ್ಟುಕೊಳ್ಳತೊಡಗಿದರು.

ಅಲೀಗಢದ ಕರ್ತವ್ಯ ಸಂಘ

ಓದಿಗಾಗಿ ಸಾಲವೆಂಬುದು ನಮ್ಮ ಸಮುದಾಯದಲ್ಲಿ ವ್ಯವಸ್ಥಿತ ರೂಪ ಪಡೆದದ್ದು ಅಲೀಗಢದಲ್ಲಿ. ಸರ್ ಸಯ್ಯದ್ ಅಹ್ಮದ್ ಖಾನ್ ಸ್ಥಾಪಿಸಿದ ಕಾಲೇಜಿನಲ್ಲಿ 1890ರ ಸುಮಾರಿಗೆ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಮತ್ತು ಅವರ ಸಂಗಾತಿಗಳು ಅಂಜುಮನ್ ಅಲ್ ಫರ್ಝ್, ಅಂದರೆ ಕರ್ತವ್ಯ ಸಂಘವನ್ನು ಕಟ್ಟಿದರು. ವಿದ್ಯಾರ್ಥಿಗಳು ರಜೆಯಲ್ಲಿ ಊರೂರು ಅಲೆದು ಚಂದಾ ಕೂಡಿಸಿ ಬಡ ಸಹಪಾಠಿಗಳ ಶುಲ್ಕಕ್ಕೆ ನೆರವಾದರು. ಅಲ್ಲಿ ಮುಂದೆ ಬೆಳೆದ ಪದ್ಧತಿಯಲ್ಲಿ ನೆರವು ಪಡೆದವನು ನೌಕರಿ ಹಿಡಿದ ಮೇಲೆ ಅದನ್ನು ಸಂಘಕ್ಕೆ ಮರಳಿಸುತ್ತಿದ್ದನು. ಹಾಗೆ ಮರಳಿ ಬಂದ ಹಣವೇ ಇನ್ನೊಬ್ಬ ಬಡ ಹುಡುಗನ ಶುಲ್ಕವಾಗುತ್ತಿತ್ತು.

ಸಂಘದ ಹೆಸರನ್ನೊಮ್ಮೆ ಗಮನಿಸಿರಿ. ಕೊಡುವವರು ಅದನ್ನು ಔದಾರ್ಯವೆನ್ನಲಿಲ್ಲ, ಫರ್ಝ್ ಎಂದರು. ಪಡೆಯುವವನೂ ಭಿಕ್ಷೆಯೆಂದು ಕುಗ್ಗಬೇಕಿರಲಿಲ್ಲ, ತನಗೆ ಸಂದದ್ದೆಂದು ಸುಮ್ಮನಿರುವಂತೆಯೂ ಇರಲಿಲ್ಲ. ಅವನು ಮರಳಿಸದಿದ್ದರೆ ವಂಚಿತನಾಗುತ್ತಿದ್ದವನು ಸಾಹುಕಾರನಲ್ಲ, ತನ್ನಂಥದೇ ಮನೆಯಿಂದ ಬರಲಿರುವ ಮುಂದಿನ ವಿದ್ಯಾರ್ಥಿ. ಇದೇ ದಾರಿಯಲ್ಲಿ 1892ರಲ್ಲಿ ಜಮ್‌ಶೆಟ್‌ಜಿ ಟಾಟಾ ವಿದೇಶದ ಉನ್ನತ ಶಿಕ್ಷಣಕ್ಕಾಗಿ ಸಾಲರೂಪದ ವಿದ್ಯಾರ್ಥಿವೇತನವನ್ನು ಆರಂಭಿಸಿದರು. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಲಂಡನ್ನಿನಲ್ಲಿ ಓದಿದ್ದು ಅದರ ನೆರವಿನಿಂದಲೇ. ವಿದ್ಯೆಗಾಗಿ ಸಾಲ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ.

ಬ್ಯಾಂಕು ಮತ್ತು ಸರಕಾರ

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗ ಕನ್ನಡ ನಾಡಿನೊಂದಿಗೆ ಒಂದಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ವೃತ್ತಿಶಿಕ್ಷಣದ ಶುಲ್ಕ ಏರುತ್ತ ಹೋದಂತೆ 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ರೂಪಿಸಿತು. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ, ತಂದೆ ಅಥವಾ ತಾಯಿ ಜೊತೆಸಾಲಗಾರರಾಗಬೇಕು, ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತಿಗೆ ವಿರಾಮ ಎಂಬುದು ಅದರ ಸ್ಥೂಲ ಸ್ವರೂಪ. 2009ರಿಂದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಕುಟುಂಬಗಳ ಮಕ್ಕಳು ದೇಶದೊಳಗೆ ವೃತ್ತಿಶಿಕ್ಷಣ ಪಡೆದರೆ ಆ ವಿರಾಮದ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ತುಂಬುವ ಯೋಜನೆ ಬಂದಿತು. ಆದಾಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಒಪ್ಪಿಸದೆ ಈ ಸೌಲಭ್ಯ ಕಳೆದುಕೊಳ್ಳುವವರು ನಮ್ಮಲ್ಲಿದ್ದಾರೆ.

1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯು ಸಿಇಟಿ, ನೀಟ್ ಮೂಲಕ ಆಯ್ಕೆಯಾದ ನಮ್ಮ ಮಕ್ಕಳಿಗೆ ಶೇಕಡಾ 2ರ ಸೇವಾಶುಲ್ಕದಲ್ಲಿ ಸಾಲ ನೀಡುತ್ತದೆ. ಇದು ಸಾಲವೇ ಹೊರತು ಸಹಾಯಧನವಲ್ಲ. ಸರಕಾರದ ಹಣ, ಯಾರು ಕೇಳುತ್ತಾರೆ ಎಂಬ ಮಾತು ನಮ್ಮ ಕಿವಿಗೆ ಬಿದ್ದಿದೆ. ಕೇಳುವವನು ಅಲ್ಲಾಹನಿದ್ದಾನೆ. ಕೊಡುವ ಶಕ್ತಿಯಿದ್ದೂ ತಡಮಾಡುವುದನ್ನು ಪ್ರವಾದಿವರ್ಯರು(ಸ) ಅನ್ಯಾಯವೆಂದಿದ್ದಾರೆ. ಅಲೀಗಢದ ಸಂಘದಲ್ಲಿದ್ದಂತೆ ಇಲ್ಲಿಯೂ ಮರಳಿ ಬಾರದ ಹಣ ಇನ್ನೊಂದು ಮಗುವಿನ ಪಾಲಿಗೆ ಕೊರತೆಯಾಗುತ್ತದೆ. ಸರಕಾರದ ನೆರವು ಸ್ಥಿರವೂ ಅಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ನೆರವು ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆಯನ್ನು 2022-23ರಿಂದ ನಿಲ್ಲಿಸಲಾಯಿತು.

ಬ್ಯಾಂಕು ಸಾಲದಲ್ಲಿ ಬಡ್ಡಿಯಿದೆಯೆಂಬ ಸತ್ಯವನ್ನು ನಾವು ಮರೆಮಾಚುವುದಿಲ್ಲ. ಸಾಲಕ್ಕೆ ಮೊದಲೇ ಬಲ್ಲ ಆಲಿಮರನ್ನು ಕೇಳಬೇಕು, ವಿದ್ಯಾರ್ಥಿವೇತನ, ಅರಿವು, ಕರ್ಝೆ ಹಸನಗಳ ಬಾಗಿಲುಗಳನ್ನೆಲ್ಲ ತಟ್ಟಬೇಕು. ಆದರೆ ಈಗಾಗಲೇ ಆ ಸಾಲದೊಳಗಿರುವ ಮಗುವಿಗೆ ಬರಿಯ ಛೀಮಾರಿಯಿಂದ ಏನೂ ದೊರೆಯದು. ಹೊರಬರುವ ದಾರಿಯನ್ನು ತೋರಬೇಕು.

ಲೆಕ್ಕವನ್ನು ಬರೆಯೋಣ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬನಹಟ್ಟಿಯ ಒಂದು ನೇಕಾರ ಕುಟುಂಬದ ಮಗನು ನಾಲ್ಕು ವರ್ಷದ ಇಂಜಿನಿಯರಿಂಗ್‌ಗೆ ಪ್ರತಿವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ ನಾಲ್ಕು ಲಕ್ಷ ರೂಪಾಯಿ ಸಾಲ ಪಡೆದನೆಂದು ಭಾವಿಸೋಣ. ಬಡ್ಡಿ ಶೇಕಡಾ 10, ಓದು ಮುಗಿದು ಒಂದು ವರ್ಷದ ವಿರಾಮ. ಕಂತು ಇಲ್ಲದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿ ಮೊದಲ ಲಕ್ಷಕ್ಕೆ ಐದು ವರ್ಷದ 50 ಸಾವಿರ, ಎರಡನೆಯದಕ್ಕೆ 40 ಸಾವಿರ, ಮೂರನೆಯದಕ್ಕೆ 30 ಸಾವಿರ, ನಾಲ್ಕನೆಯದಕ್ಕೆ 20 ಸಾವಿರ, ಒಟ್ಟು 1 ಲಕ್ಷ 40 ಸಾವಿರ ಸೇರುತ್ತದೆ. ಬಡ್ಡಿ ನೆರವು ದೊರೆಯದಿದ್ದರೆ ಮೊದಲ ಕಂತಿನ ದಿನ ಸಾಲ ನಾಲ್ಕು ಲಕ್ಷವಲ್ಲ, 5 ಲಕ್ಷ 40 ಸಾವಿರ.

ಅದನ್ನು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 7,140 ರೂಪಾಯಿ ಕಂತು, ಒಟ್ಟು ಪಾವತಿ ಸುಮಾರು 8 ಲಕ್ಷ 56 ಸಾವಿರ. ಐದೇ ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 11,470 ರೂಪಾಯಿ, ಒಟ್ಟು ಸುಮಾರು 6 ಲಕ್ಷ 88 ಸಾವಿರ. ವ್ಯತ್ಯಾಸ 1 ಲಕ್ಷ 68 ಸಾವಿರ, ಅಷ್ಟೂ ಬಡ್ಡಿಯೇ. ಕಂತು ಚಿಕ್ಕದಾಗಲೆಂದು ಅವಧಿಯನ್ನು ಹಿಗ್ಗಿಸಿಕೊಳ್ಳುವ ನಾವು ನಮಗರಿವಿಲ್ಲದೆಯೇ ಬಡ್ಡಿಯನ್ನು ಹಿಗ್ಗಿಸಿಕೊಳ್ಳುತ್ತೇವೆ. ಬಡ್ಡಿಗೆ ಅಂಜುವವನು ಆದಷ್ಟು ಬೇಗ ಅಸಲನ್ನು ತೀರಿಸಬೇಕು.

ಇತಿಹಾಸದ ಪಾಠಗಳನ್ನು ಈ ಲೆಕ್ಕಕ್ಕೆ ಅನ್ವಯಿಸೋಣ. ಮೊದಲನೆಯದಾಗಿ, ಉಮರ್(ರ)ರಂತೆ ಒಟ್ಟು ಮೊತ್ತವನ್ನು ಮನೆಯವರೆದುರು ಬರೆದಿಡಬೇಕು. ಬ್ಯಾಂಕಿನದು, ನಿಗಮದದು, ಮಾಮೂನಿಂದ ಪಡೆದದ್ದು, ಅಮ್ಮೀಯ ಬಂಗಾರವನ್ನು ಒತ್ತೆಯಿಟ್ಟು ತಂದದ್ದು, ಎಲ್ಲವೂ ಅದರಲ್ಲಿ ಬರಬೇಕು. ಸಂಬಂಧಿಕರ ಸಾಲಕ್ಕೆ ಕಾಗದ ಮಾಡುವುದು ಅಪನಂಬಿಕೆಯಲ್ಲ, ಕುರ್‌ಆನಿನ ಆದೇಶ.

ಎರಡನೆಯದಾಗಿ, ಝುಬೈರ್(ರ)ರ ಮಗನಂತೆ ಸಾಲವನ್ನು ಭೋಗಕ್ಕಿಂತ ಮುಂದಿಡಬೇಕು. ಮೊದಲ ಸಂಬಳ ಬಂದೊಡನೆ ಕಂತಿನ ಮೇಲೆ ಬೈಕು, ದುಬಾರಿ ಮೊಬೈಲು, ಸಾಲ ಮಾಡಿ ವಲೀಮಾ ನಡೆಸುವುದು ನಮ್ಮಲ್ಲಿ ಹೆಚ್ಚುತ್ತಿದೆ. ಸಾಲದ ಹೊರೆಯಿರುವ ಮನೆಯಲ್ಲಿ ಸರಳ ನಿಕಾಹ್ ಆದರೆ ಅದು ಮಾನಹಾನಿಯಲ್ಲ, ಸುನ್ನತ್ತೇ ಆಗಿದೆ. ಕಬ್ಬಿನ ಬಿಲ್ಲು, ಬೋನಸ್ಸು ಮುಂತಾಗಿ ಕೈಗೆ ಒಮ್ಮೆಗೆ ಬರುವ ಹಣದಿಂದ ಅಸಲಿನ ಭಾಗವನ್ನು ತೀರಿಸಬಹುದು. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ಬ್ಯಾಂಕು ದಂಡ ವಿಧಿಸುವಂತಿಲ್ಲ.

ಮೂರನೆಯದಾಗಿ, ಸಾಲವನ್ನು ಸಾಲದಿಂದ ಮುಚ್ಚಬಾರದು. ಕಂತು ಕಟ್ಟಲಾಗದೆ ಮೊಬೈಲಿನ ಸಾಲದ ಆ್ಯಪುಗಳಿಗೋ ಕೈಸಾಲದ ಬಡ್ಡಿ ವ್ಯವಹಾರದವರಿಗೋ ಕೈಚಾಚಿದವರು ಹತ್ತೊಂಬತ್ತನೆಯ ಶತಮಾನದ ಕಡಪತ್ರಕ್ಕೇ ಮರಳಿ ಹೋಗುತ್ತಾರೆ.

ನಾಲ್ಕನೆಯದಾಗಿ, ಅಡಗಬಾರದು. ಕೆಲಸ ಸಿಗದಿದ್ದರೆ ಮೊದಲ ಕಂತು ತಪ್ಪುವ ಮುನ್ನವೇ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಟ್ಟು, ಅವಧಿಯನ್ನೋ ಕಂತನ್ನೋ ಬದಲಿಸಲು ಕೇಳಬೇಕು, ಸ್ವೀಕೃತಿಯ ಮುದ್ರೆ ಪಡೆಯಬೇಕು. ಕಂತು ಸತತವಾಗಿ 90 ದಿನ ಬಾಕಿಯುಳಿದರೆ ಖಾತೆ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಮಗನ ಜೊತೆ ಸಹಿ ಮಾಡಿದ ತಂದೆಯ ಹೆಸರೂ ಕೆಡುತ್ತದೆ. ಮುಂದೆ ಆ ಮನೆಗೆ ಮಗ್ಗದ ಸಾಲವಾಗಲಿ ತಂಗಿಯ ಓದಿನ ಸಾಲವಾಗಲಿ ಸಿಗುವುದು ಕಠಿಣವಾಗುತ್ತದೆ.

ಅಬೂ ಕತಾದಃ ಯಾರು?

ಇಷ್ಟೂ ಸಾಲಗಾರನ ಕರ್ತವ್ಯ. ಆದರೆ ಮದೀನಾದ ಆ ಘಟನೆಗೆ ಎರಡನೆಯ ಅರ್ಧವಿದೆಯೆಂದು ನಾವು ಮೊದಲೇ ಹೇಳಿದೆವು. ನಮ್ಮ ಮೊಹಲ್ಲಾಗಳಲ್ಲಿ ಅಬೂ ಕತಾದಃ(ರ)ರಂತೆ ಎದ್ದು ನಿಲ್ಲುವವರು ಯಾರು?

ಅತ್ತೌಬಃ ಅಧ್ಯಾಯದ 60ನೆಯ ಸೂಕ್ತವು ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದ ಭಾರಕ್ಕೊಳಗಾದವರನ್ನೂ ಹೆಸರಿಸಿದೆ. ರಮಝಾನಿನಲ್ಲಿ ಝಕಾತ್ ಹಂಚುವಾಗ ಕೆಲಸವಿಲ್ಲದೆ ಸಾಲದಡಿ ಕುಸಿದ ಪದವೀಧರನು ನಮ್ಮ ನೆನಪಿಗೆ ಬರುವುದೇ ಇಲ್ಲ, ಏಕೆಂದರೆ ಅವನ ಅಂಗಿ ಇಸ್ತ್ರಿಯಾಗಿರುತ್ತದೆ. ಯಾರು ಅರ್ಹರು, ಝಕಾತ್ ಹಣ ಯಾವ ಭಾಗಕ್ಕೆ ಸಲ್ಲುತ್ತದೆ ಎಂಬುದನ್ನು ಊರಿನ ಆಲಿಮರು ನಿರ್ಧರಿಸಲಿ. ಆದರೆ ಆ ಪ್ರಶ್ನೆ ಜಮಾಅತಿನ ಸಭೆಯಲ್ಲಿ ಏಳಲೇಬೇಕು.

ಝಕಾತಿನಾಚೆಗೆ ಕರ್ಝೆ ಹಸನದ ನಿಧಿಯೊಂದು ಪ್ರತಿ ಊರಿನಲ್ಲೂ ಸಾಧ್ಯ. ನೂರು ಮನೆಗಳು ತಿಂಗಳಿಗೆ 200 ರೂಪಾಯಿ ಇಟ್ಟರೆ ವರ್ಷಕ್ಕೆ 2 ಲಕ್ಷ 40 ಸಾವಿರವಾಗುತ್ತದೆ. ಇಬ್ಬರು ಮೂವರು ಮಕ್ಕಳ ಶುಲ್ಕಕ್ಕೆ, ಇಲ್ಲವೇ ಬಡ್ಡಿಯಡಿ ಸಿಲುಕಿದವರ ಅಸಲು ತೀರಿಸಲು ಅದು ಸಾಕು. ಪಡೆದವರು ನೌಕರಿ ಹಿಡಿದು ಮರಳಿಸಿದಂತೆ ನಿಧಿ ಬೆಳೆಯುತ್ತದೆ. ಆದರೆ ಇಲ್ಲಿಯೂ ಬರಹ ಮತ್ತು ಸಾಕ್ಷಿಗಳ ಆದೇಶ ಅನ್ವಯಿಸುತ್ತದೆ. ಹಲಾಲ್ ಎಂಬ ಹೆಸರನ್ನಷ್ಟೇ ನಂಬಿ ಬೆಂಗಳೂರಿನ ಐಎಂಎ ಸಂಸ್ಥೆಯಲ್ಲಿ ಹಣವಿಟ್ಟ ಸಾವಿರಾರು ಕುಟುಂಬಗಳು 2019ರಲ್ಲಿ ಬೀದಿಗೆ ಬಂದುದನ್ನು ಮರೆಯಬಾರದು. ಲಾಭದ ಆಸೆ ತೋರಿಸದ, ಪ್ರತಿವರ್ಷ ಲೆಕ್ಕ ಪರಿಶೋಧನೆಯಾಗುವ, ಜುಮಾ ದಿನ ಮಸೀದಿಯ ಫಲಕದ ಮೇಲೆ ಜಮಾಖರ್ಚು ಕಾಣುವ ನಿಧಿ ನಮಗೆ ಬೇಕು.

ಇದು ನಮ್ಮಿಂದಾಗದೆಂದು ಹೇಳುವವರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಹೋಗಿ ಬರಲಿ. ಸರಕಾರಕ್ಕಾಗಿ ಕಾದು ಬೇಸತ್ತ ಕೃಷ್ಣಾತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ನದಿಗೆ ಒಡ್ಡು ಕಟ್ಟಿದ ನಾಡಿನಲ್ಲಿ ಹತ್ತು ಮಕ್ಕಳ ಓದಿನ ನಿಧಿಯೊಂದನ್ನು ಕಟ್ಟುವುದು ಅಸಾಧ್ಯವೇ?

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನೆಯ ಕಪಾಟಿನಲ್ಲಿ ಬ್ಯಾಂಕಿನ ಅಂಥದೊಂದು ಕಾಗದವಿದ್ದರೆ ಇಂದು ರಾತ್ರಿಯೇ ಅದನ್ನು ಹೊರತೆಗೆಯಿರಿ. ಅಬ್ಬಾ, ಅಮ್ಮೀ, ಮಕ್ಕಳು ಒಟ್ಟಿಗೆ ಕುಳಿತು ಅದನ್ನು ಓದಿರಿ, ಮೊತ್ತವನ್ನು ಬರೆಯಿರಿ, ಯಾರನ್ನು ಕಾಣಬೇಕೆಂದು ನಿಶ್ಚಯಿಸಿರಿ. ನೆರೆಮನೆಯಲ್ಲಿ ಅಂಥ ಕಾಗದವಿದೆಯೆಂದು ತಿಳಿದರೆ ಆಡಿಕೊಳ್ಳಬೇಡಿರಿ, ಕೈಜೋಡಿಸಿರಿ. ಪ್ರವಾದಿವರ್ಯರು(ಸ) ಸಾಲದ ಭಾರದಿಂದ ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು. ನಾವೂ ಅದನ್ನೇ ಯಾಚಿಸೋಣ. ಸಾಲದಲ್ಲಿರುವ ನಮ್ಮ ಮಕ್ಕಳಿಗೆ ಅಲ್ಲಾಹನು ಹಲಾಲ್ ಸಂಪಾದನೆಯ ದಾರಿ ತೆರೆಯಲಿ, ತೀರಿಸುವ ಸಂಕಲ್ಪವನ್ನೂ ಶಕ್ತಿಯನ್ನೂ ನೀಡಲಿ, ಅವರ ಬೆನ್ನಿಗೆ ನಿಲ್ಲುವ ತೌಫೀಕ್ ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.